ಅವ್ವನನ್ನು ಕೂರಿಸಿದ ದಿನ

ಹೋದ ವರ್ಷ ಇಲ್ಲಿನ ಕನ್ನಡದವರ ಒಂದು ಕಾರ್ಯಕ್ರಮಕ್ಕೆ ನನ್ನನ್ನು ಕರೆದರು. ಶಾಲೆಯ ಮಕ್ಕಳಿಗೆ ಚರ್ಚಾಸ್ಪರ್ಧೆ, ನಾನು ತೀರ್ಪುಗಾರಳು. ವಿಷಯ, ಧರ್ಮ ಕಲಿಸುವುದು ಪ್ರೀತಿಯನ್ನೋ ದ್ವೇಷವನ್ನೋ ಎಂಬುದು. ಪರವಾಗಿ ಮಾತಾಡುವವರಿಗೆ ಮೂರು ನಿಮಿಷ, ವಿರೋಧವಾಗಿ ಮಾತಾಡುವವರಿಗೆ ಮೂರು ನಿಮಿಷ, ಗೆದ್ದವರಿಗೆ ಸ್ಟೀಲಿನ ಡಬ್ಬಿ. ಫೋನ್ ಮಾಡಿದ ಕಾರ್ಯದರ್ಶಿಗೆ ನನಗೆ ಜ್ವರ ಎಂದೆ. ಜ್ವರವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಆ ಮಕ್ಕಳು ಬಾಯಿಪಾಠ ಮಾಡಿಕೊಂಡು ಬಂದು ಎಲ್ಲ ಧರ್ಮಗಳ ಸಾರವೂ ಒಂದೇ ಎಂದು ಕೈ ಬೀಸಿ ಹೇಳುವುದನ್ನು ಕೂತು ಕೇಳುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ. ನನಗೆ ಗೊತ್ತಿರುವುದು ಒಂದು ದಿನದ ಸಂಗತಿ, ಅವ್ವ ತೀರಿಕೊಂಡ ದಿನದ್ದು. ಅದನ್ನು ಹೇಳುತ್ತೇನೆ. ತೀರ್ಪು ಬೇಕಾದವರು ಕೊಟ್ಟುಕೊಳ್ಳಲಿ.

ನಮ್ಮದು ರಾಯಚೂರಿನ ಕಡೆಯ, ಕೊರಳಿಗೆ ಲಿಂಗ ಕಟ್ಟಿಕೊಳ್ಳುವ ಮನೆತನ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಪೂಜೆಗೆ ಕೂತವರ ಹಾಗೆ ಕಾಲು ಮಡಿಸಿ ಕೂರಿಸಿ, ಎಡಗೈಯಲ್ಲಿ ಅವರದೇ ಲಿಂಗವಿಟ್ಟು, ಕುಣಿಯೊಳಗೆ ಗೂಡು ಕೊರೆದು ಅದರಲ್ಲಿ ಇಡುತ್ತೇವೆ. ಮಣ್ಣು ಮುಚ್ಚುವ ಮೊದಲು ಅಯ್ಯನವರು, ಎಂದರೆ ನಮ್ಮ ಗುರುಗಳು, ತಮ್ಮ ಪಾದವನ್ನು ಸತ್ತವರ ತಲೆಯ ಮೇಲೆ ಇಡಬೇಕು. ಆ ಪಾದ ಬಿದ್ದರೆ ಮುಕ್ತಿ ಎಂದು ನಂಬಿಕೆ. ಅವ್ವನಿಗೆ ಇದು ನಂಬಿಕೆಯಾಗಿರಲಿಲ್ಲ, ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎಂಬಷ್ಟು ಗೊತ್ತಿದ್ದ ವಿಷಯವಾಗಿತ್ತು.

ನಾನು ಹೈದರಾಬಾದಿಗೆ ಬಂದದ್ದು ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರದ ಕೆಲಸಕ್ಕೆ. ಅದೇ ಕಾರ್ಖಾನೆಯ ಸ್ಟೋರ್ಸಿನಲ್ಲಿ ನನ್ನ ಗಂಡ ಇದ್ದರು. ಯಾದಗಿರಿ ಕಡೆಯ ಮುಸಲ್ಮಾನರು, ಮಾತು ಮಾತ್ರ ನಮ್ಮದೇ. ಕ್ಯಾಂಟೀನಿನಲ್ಲಿ ಎಲ್ಲರೂ ತೆಲುಗು, ಹಿಂದಿ ಆಡುವಾಗ ಒಬ್ಬರು ನನ್ನ ತಟ್ಟೆ ನೋಡಿ 'ರೊಟ್ಟಿ ಎಲ್ಲಿಂದ ತಂದ್ರೀ?' ಎಂದು ಕೇಳಿದರೆ ಯಾರಿಗಾದರೂ ಕರುಳು ಚುರ್ ಎನ್ನುತ್ತದೆ. ರಿಜಿಸ್ಟರ್ ಮದುವೆಯಾದೆವು. ಯಾರೂ ಯಾರ ಧರ್ಮಕ್ಕೂ ಸೇರಲಿಲ್ಲ. ಅವರು ಶುಕ್ರವಾರ ನಮಾಜಿಗೆ ಹೋಗುತ್ತಾರೆ, ನಾನು ಸೋಮವಾರ ಒಂದೊತ್ತು ಇರುತ್ತೇನೆ, ಉಳಿದ ದಿನ ಇಬ್ಬರೂ ಕೂತು ಟಿವಿ ನೋಡುತ್ತೇವೆ.

ಎರಡೂ ಮನೆಗಳ ಬಾಗಿಲು ಮುಚ್ಚಿದವು. ಅಪ್ಪ ಸತ್ತಾಗ ನನಗೆ ಹೇಳಿ ಕಳಿಸಲಿಲ್ಲ. ನನ್ನ ಅತ್ತೆ ಸತ್ತಾಗ ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿದ್ದ ಅವರ ಮನೆಗೆ ಹೋದೆ. ಹೊಸ್ತಿಲಲ್ಲಿ ಹೆಂಗಸರು ತಡೆದರು. ಕಲಿಮಾ ಓದಿ ಮುಸಲ್ಮಾನಳಾಗಿ ಒಳಗೆ ಬಾ, ಇಲ್ಲದಿದ್ದರೆ ಮುಖ ತೋರಿಸುವುದಿಲ್ಲ ಎಂದರು. ನಾನು ಓದಲಿಲ್ಲ. ಗಂಡ ಒಳಗೆ ಅಳುತ್ತಿದ್ದರು, ನಾನು ಹೊರಗೆ ಬಿಸಿಲಿನಲ್ಲಿ ನಿಂತಿದ್ದೆ. ನಮಗೆ ಮಕ್ಕಳಾಗಲಿಲ್ಲ. ಅದು ದೇವರು ಕೊಟ್ಟ ಶಿಕ್ಷೆ ಎಂಬ ಒಂದು ಮಾತಿನಲ್ಲಿ ಮಾತ್ರ ಎರಡು ಕಡೆಯವರಿಗೂ ಭಿನ್ನಾಭಿಪ್ರಾಯ ಇರಲಿಲ್ಲ.

ಅವ್ವ ನನ್ನ ಮನೆಗೆ ಬಂದದ್ದು ಪ್ರೀತಿ ಉಕ್ಕಿ ಅಲ್ಲ. ಅಣ್ಣನಿಗೆ ಸುಲ್ತಾನ್ ಬಜಾರಿನಲ್ಲಿ ಸೀರೆ ಅಂಗಡಿ ಇದೆ. ನಮ್ಮ ಜನರ ಸಂಘದಲ್ಲಿ ಪದಾಧಿಕಾರಿ. ವೇದಿಕೆ ಹತ್ತಿದರೆ ವಚನಗಳನ್ನು ನೀರು ಕುಡಿದಷ್ಟು ಸುಲಭವಾಗಿ ಹೇಳುತ್ತಾನೆ. ಅವ್ವ ಅವನ ಮನೆಯಲ್ಲಿದ್ದಳು. ಮೊಣಕಾಲು ಹಿಡಿದುಕೊಂಡು ಬಚ್ಚಲಿಗೆ ಹೋಗುವುದಕ್ಕೂ ಆಸರೆ ಬೇಕಾದಾಗ ಅಣ್ಣನ ಹೆಂಡತಿ, ನಮ್ಮ ವೈನಿಗೂ ಅವಳಿಗೂ ದಿನಾ ಜಟಾಪಟಿ. 'ಸ್ವಲ್ಪ ದಿನ ಇದ್ದು ಬರ್ತೀನಿ' ಎಂದು ಒಂದು ತಾಮ್ರದ ಕೊಡ, ಒಂದು ಸ್ಟೋವ್ ಹಿಡಿದುಕೊಂಡು ಬಂದವಳು ವಾಪಸು ಹೋಗಲಿಲ್ಲ. ಅಣ್ಣ ಕರೆಯಲೂ ಇಲ್ಲ.

ಕೊಡ ಮತ್ತು ಸ್ಟೋವ್ ಬಾಲ್ಕನಿಯಲ್ಲಿ ಕೂತವು. ಅವ್ವನ ಅಡುಗೆ ಬೇರೆ, ನೀರು ಬೇರೆ. ನನ್ನ ಗಂಡನನ್ನು ಒಂದು ದಿನವೂ ಅಳಿಯ ಎನ್ನಲಿಲ್ಲ, 'ಸಾಹೇಬ್ರು' ಎನ್ನುತ್ತಿದ್ದಳು. ಅವರು ಅವಳನ್ನು 'ಅವ್ವಾರು' ಎನ್ನುತ್ತಿದ್ದರು. ವಿಭೂತಿ ಮುಗಿದರೆ ಸುಲ್ತಾನ್ ಬಜಾರಿಗೆ ಹೋಗಿ ತರುವವರು ಅವರೇ, ಏಕೆಂದರೆ ಅಲ್ಲೇ ಅಂಗಡಿ ಇಟ್ಟುಕೊಂಡ ಮಗನಿಗೆ ಪುರುಸೊತ್ತಿರಲಿಲ್ಲ. ತಂದ ಉಂಡೆಯ ಮೇಲೆ ಅವ್ವ ಒಂದಿಷ್ಟು ನೀರು ಚಿಮುಕಿಸಿ ಶುದ್ಧ ಮಾಡಿಕೊಂಡೇ ಒಳಗೆ ಇಡುತ್ತಿದ್ದಳು. ಅವರು ಅದನ್ನು ಕಂಡಿದ್ದರು.

"ವಿಭೂತಿಗೆ ಮೈಲಿಗಿ ಇಲ್ಲಂತಾರ, ನಾ ಮುಟ್ಟಿದ್ರ ಅದಕ್ಕೂ ಬರ್ತೈತಿ ನೋಡು," ಎಂದು ಅಡುಗೆಮನೆಯಲ್ಲಿ ನನ್ನ ಮುಂದೆ ನಕ್ಕರು.

ನನಗೆ ನಗು ಬರಲಿಲ್ಲ. ಅವ್ವನ ಮೇಲೆ ಹರಿಹಾಯ್ದೆ. ಅವಳು ತನಗೇನೂ ಕೇಳಿಸಲಿಲ್ಲ ಎಂಬಂತೆ ಹತ್ತಿ ಹೊಸೆಯುತ್ತ ಕೂತಳು.

ಹಾಗೆಂದು ಅವಳು ಕೆಟ್ಟವಳಲ್ಲ. ನನ್ನ ಗಂಡ ನನಗಿಂತ ಮುಂಚೆ ನಿವೃತ್ತರಾದರು. ನಾನು ಆಫೀಸಿಗೆ ಹೋದ ಮೇಲೆ ಇಡೀ ದಿನ ಮನೆಯಲ್ಲಿ ಅವರಿಬ್ಬರೇ. ಮೊಣಕಾಲಿಗೆ ಡಾಕ್ಟರು ಹೇಳಿಕೊಟ್ಟ ವ್ಯಾಯಾಮವನ್ನು ಮಾಡಿಸುವ ಕೆಲಸವನ್ನು ಅವರು ಮೈಮೇಲೆ ಹಾಕಿಕೊಂಡರು. ಅವ್ವನ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಒಳಗೆ ಕಾಲಿಡದೆ, ಕಾಲು ಮಡಚುವುದನ್ನೂ ಚಾಚುವುದನ್ನೂ ಎಣಿಸುತ್ತಿದ್ದರು. ಅವ್ವ ಕಳ್ಳಾಟ ಆಡುತ್ತಿದ್ದಳು.

"ಅವ್ವಾರ, ಅದು ಲೆಕ್ಕಕ್ಕಿಲ್ಲರಿ. ಅರ್ಧಾ ಮಡಚೀರಿ."

"ನಿಮ್ಮ ನಮಾಜಿನ್ಯಾಗ ದಿನಾ ಮಣಕಾಲ ಮಡಚಿ ಮಡಚಿ ನಿಮಗ ರೂಢಿ ಆಗೈತ್ರಿ, ಸಾಹೇಬ್ರ. ನನ್ನ ಕೊಲ್ಲಬ್ಯಾಡ್ರಿ."

ಸಂಜೆ ನಾನು ಬಂದ ಮೇಲೆ ಇಬ್ಬರೂ ಒಬ್ಬರ ಮೇಲೊಬ್ಬರು ದೂರು ಹೇಳುತ್ತಿದ್ದರು. ಆ ದೂರು ಕೇಳುವುದೇ ನನಗೆ ಹಬ್ಬ.

ಕೊನೆಯ ಬೇಸಿಗೆಯಲ್ಲಿ ಅವ್ವ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ನಾನು ಬೇಗ ಮನೆಗೆ ಬಂದೆ. ಅವರು ಅವ್ವನ ತಲೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ನಮ್ಮ ಅಡುಗೆಮನೆಯ ಲೋಟದಲ್ಲಿ ನೀರು ಕುಡಿಸುತ್ತಿದ್ದರು. ಅವ್ವ ಗಟಗಟ ಕುಡಿಯುತ್ತಿದ್ದಳು. ನನ್ನನ್ನು ಕಂಡದ್ದೇ ಇಬ್ಬರೂ ಬೆಚ್ಚಿಬಿದ್ದರು. ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದಳು:

"ಯಾರ ಮುಂದೂ ಹೇಳಬ್ಯಾಡ."

ಆಗ ನನಗೆ ಸಂತೋಷವಾಯಿತು. ಅವರಿಬ್ಬರ ಮಧ್ಯೆ ಇದು ಎಷ್ಟು ದಿನದಿಂದ ನಡೆದಿತ್ತೋ ಎಂದು ನಗುತ್ತಾ ಕೇಳಿದೆ ಕೂಡ. ಸಿಟ್ಟು ಬಂದದ್ದು ಆಮೇಲೆ. ಬಾಯಾರಿದವಳಿಗೆ ನೀರು ಕೊಡುವುದು, ಕೊಟ್ಟ ನೀರು ಕುಡಿಯುವುದು, ಇದನ್ನು ಒಂದು ಧರ್ಮದ ಕಣ್ಣು ತಪ್ಪಿಸಿ ಮಾಡಬೇಕಾಯಿತಲ್ಲ. ಪ್ರೀತಿಯನ್ನು ಧರ್ಮ ಕಲಿಸುತ್ತದೆ ಎನ್ನುವವರು ನನ್ನ ಮನೆಗೆ ಬಂದಿದ್ದರೆ, ಅದನ್ನು ಧರ್ಮಕ್ಕೆ ಗೊತ್ತಾಗದ ಹಾಗೆ ಹೇಗೆ ಮಾಡಬೇಕಾಗುತ್ತದೆ ಎಂದು ತೋರಿಸುತ್ತಿದ್ದೆ.

ಆ ದಿನಗಳಲ್ಲೇ ಅವ್ವ ನಮ್ಮಿಬ್ಬರನ್ನೂ ಕರೆದು ತನ್ನ ಆಸೆ ಹೇಳಿದಳು. ಅವಳಿಗೆ ಬೆಂಕಿಯೆಂದರೆ ಜೀವ ಹೋಗುವಷ್ಟು ಹೆದರಿಕೆ. ಚಿಕ್ಕವಳಿದ್ದಾಗ ಒಲೆಯ ಮುಂದೆ ಲಂಗಕ್ಕೆ ಕಿಡಿ ಹಾರಿ ತೊಡೆ ಸುಟ್ಟಿತ್ತು; ಆ ಗುರುತನ್ನು ನಾನು ಸ್ನಾನ ಮಾಡಿಸುವಾಗ ನೋಡಿದ್ದೆ.

"ಈ ಊರಾಗ ಎಲ್ಲಾರನೂ ಸುಡತಾರ. ನನ್ನ ಸುಡಬ್ಯಾಡ್ರಿ. ಕುಂದರಿಸಿ ಮಣ್ಣಾಗ ಇಡ್ರಿ. ಅಯ್ನೋರ ಪಾದ ತಲಿ ಮ್ಯಾಲ ಬೀಳಲಿ. ಅಷ್ಟಾದ್ರ ಸಾಕು ನನಗ."

"ಆಗಲ್ರಿ ಅವ್ವಾರ. ನನ್ನ ಮ್ಯಾಲ ಬಿಡ್ರಿ," ಎಂದರು ನನ್ನ ಗಂಡ.

ಅವಳು ಹೋದ ದಿನ ನಾನು ಮನೆಯಲ್ಲಿರಲಿಲ್ಲ. ನನ್ನ ನಿವೃತ್ತಿಯೂ ಹತ್ತಿರವಾಗಿತ್ತು, ಪಿಂಚಣಿಯ ಕೆಲಸಕ್ಕೆಂದು ನಾಂಪಲ್ಲಿಯ ಆಫೀಸಿಗೆ ಬೆಳಿಗ್ಗೆಯೇ ಹೋಗಿದ್ದೆ. ಇನ್ನೇನು ನನ್ನ ಸರದಿ ಬರಬೇಕು, ಫೋನ್ ಬಂತು. "ಅವ್ವಾರು ಹೋದ್ರು," ಎಂದರು. ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿ ಅಯ್ಯನವರನ್ನು ಕರೆತರಲು ಹೇಳಿ ಮೆಟ್ರೋ ಹತ್ತಿದೆ. ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸುವಾಗ ಕೋಚಿಂಗಿಗೆ ಹೊರಟ ಹುಡುಗ ಹುಡುಗಿಯರ ನೂಕುನುಗ್ಗಲು. ನಾನು ಕಂಬ ಹಿಡಿದು ಅಳುವುದನ್ನು ಕಂಡು ಒಬ್ಬ ಹುಡುಗಿ ಎದ್ದು ಜಾಗ ಕೊಟ್ಟಳು, ನೀರಿನ ಬಾಟಲಿಯನ್ನೂ ಕೊಟ್ಟಳು. ನಾನು ಯಾವ ಜಾತಿ ಎಂದು ಅವಳು ಕೇಳಲಿಲ್ಲ. ಕುಡಿದೆ.

ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲೇ ಅಣ್ಣ ಸಿಕ್ಕ. ಜೊತೆಗೆ ವೈನಿ, ಅಯ್ಯನವರು, ಸಂಘದ ಒಬ್ಬ ಹಿರಿಯರು. ಎಲ್ಲರೂ ಒಟ್ಟಿಗೇ ಮೇಲೆ ಹೋದೆವು. ಅವ್ವನ ಕೋಣೆಯಲ್ಲಿ ಊದಿನಕಡ್ಡಿ ಹಚ್ಚಿತ್ತು. ಅವ್ವನ ಮೇಲೆ ತಲೆಯಿಂದ ಕಾಲಿನವರೆಗೆ ಒಗೆದ ಬಿಳಿ ಚಾದರ. ನನ್ನ ಗಂಡ ಕೋಣೆಯ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದರು. ಅಣ್ಣ ಹೋಗಿ ಚಾದರ ಸರಿಸಿದ.

ಗದ್ದದ ಕೆಳಗಿಂದ ನೆತ್ತಿಯವರೆಗೆ ಮೆತ್ತಗಿನ ಬಟ್ಟೆಯ ಪಟ್ಟಿ. ಕಣ್ಣು ಚೆನ್ನಾಗಿ ಮುಚ್ಚಿತ್ತು. ಕೈಗಳು ಪಕ್ಕದಲ್ಲಿ ನೇರ. ಕಾಲುಗಳು ಗೆರೆ ಎಳೆದ ಹಾಗೆ ನೇರ, ಎರಡೂ ಹೆಬ್ಬೆರಳು ಕೂಡಿಸಿ ಬಟ್ಟೆಯಿಂದ ಕಟ್ಟಿತ್ತು.

ನಮ್ಮಲ್ಲಿ ಉಸಿರು ನಿಂತ ಕೂಡಲೇ, ಮೈ ಇನ್ನೂ ಬೆಚ್ಚಗಿರುವಾಗಲೇ ಕಾಲು ಮಡಿಸಿ ಗೋಡೆಗೆ ಆನಿಸಿ ಕೂರಿಸಿಬಿಡಬೇಕು. ಮೈ ಸೆಟೆದರೆ ಮಡಿಸಲು ಬರುವುದಿಲ್ಲ. ನಮ್ಮ ಮನೆಗಳಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವರ ಮನೆಗಳಲ್ಲಿ ಹುಟ್ಟಿದವರಿಗೂ ಹೀಗೇ ಹೇಳಿಕೊಡಬೇಕಾಗಿಲ್ಲ: ಕಣ್ಣು ಮುಚ್ಚಬೇಕು, ಗದ್ದ ಕಟ್ಟಬೇಕು, ಕಾಲು ನೀಟಾಗಿ ಚಾಚಿ ಹೆಬ್ಬೆರಳು ಕಟ್ಟಬೇಕು. ನನ್ನ ಗಂಡ ತಮ್ಮ ತಾಯಿಗೆ ಮಾಡಿದ್ದನ್ನೇ ನನ್ನ ಅವ್ವನಿಗೂ ಮಾಡಿದ್ದರು.

"ಏನಿದು? ಕಾಲಿಗೆ ಏನ ಕಟ್ಟೀಯಲೇ?" ಎಂದ ಅಣ್ಣ.

"ಸೀದಾ ಮಾಡೀನ್ರಿ... ಮಣ್ಣಾಗ ಇಡೂ ಮುಂದ ಕುಂದರಿಸತಾರ ಅಂದ್ಕೊಂಡಿದ್ದೆ," ಎಂದರು ನನ್ನ ಗಂಡ. ತಾವು ಮಾಡಿದ್ದು ಏನೆಂದು ನನ್ನ ಮುಖ ನೋಡಿ ಅವರಿಗೆ ಅರ್ಥವಾಗತೊಡಗಿತ್ತು.

"ನಮ್ಮವ್ವನ್ನ ತುರ್ಕರ ಹೆಣ ಮಾಡಿ ಇಟ್ಟಾನ ನೋಡ್ರಿ ಅಯ್ನೋರ!" ಎಂದು ಅಣ್ಣ ಕೂಗಿದ.

ಹಿರಿಯರು ಬಗ್ಗಿ ಅವ್ವನ ಮೊಣಕಾಲನ್ನು ದೂರದಿಂದಲೇ ನೋಡಿದರು. ಮುಟ್ಟಲಿಲ್ಲ. "ಸೆಟದಾವ. ಇನ್ನ ಕುಂದ್ರಂಗಿಲ್ಲ. ಹೆಣ ಮೈಲಿಗಿನೂ ಆಗೈತಿ. ಇಲ್ಲೇ ಕರೆಂಟಿನ ಸುಡುಗಾಡ ಐತೆಲ್ಲ, ಒಯ್ದ ಬಿಡ್ರಿ. ಸುಟ್ರ ಎಲ್ಲಾ ಶುದ್ಧ," ಎಂದರು. ಗ್ಯಾಸ್ ಸಿಲಿಂಡರ್ ಬದಲಿಸಿ ಎನ್ನುವಷ್ಟು ಸಲೀಸಾಗಿ ಹೇಳಿದರು.

ಅಣ್ಣ ತಲೆಯಾಡಿಸಿದ. ವೈನಿ ಆಗಲೇ ಫೋನ್ ತೆಗೆದಳು.

ನನಗೆ ಏನಾಯಿತೋ, ಬಾಗಿಲಿಗೆ ಅಡ್ಡ ನಿಂತೆ. "ಅವ್ವನ್ನ ಸುಡಾಕ ನಾ ಬಿಡಂಗಿಲ್ಲ. ಯಾರ ಕೈ ಹಚ್ಚತೀರಿ ಹಚ್ರಿ ನೋಡೂಣು. ಬಿಸಿನೀರಿನ ಬಟ್ಟಿ ಇಟ್ಟು ತಿಕ್ಕಿದ್ರ ಕಾಲು ಮಡಚತಾವ. ಅಣ್ಣಾ, ಬಾ, ಹಿಡಿ."

ಅಣ್ಣ ಬರಲಿಲ್ಲ. ನನ್ನ ಗಂಡ ಮುಟ್ಟಿದ ಹೆಣ ಮುಟ್ಟಿದರೆ ತನಗೆ ಏನೇನು ಮಾಡಿಕೊಳ್ಳಬೇಕಾಗುತ್ತದೋ ಎಂಬಂತೆ ಅಯ್ಯನವರ ಮುಖ ನೋಡಿದ. ವೈನಿ ಫೋನ್ ಹಿಡಿದುಕೊಂಡು ಹಾಲಿಗೆ ಹೋದಳು. ಹಿರಿಯರು ಗಡಿಯಾರ ನೋಡಿದರು. ಅವ್ವನ ಕೈತುತ್ತು ತಿಂದು ಬೆಳೆದ ಮಗ, ಅವಳ ಪಾದೋದಕದ ನೇಮ ನಿಷ್ಠೆಯನ್ನು ಸಭೆಗಳಲ್ಲಿ ಹೊಗಳುವ ಹಿರಿಯರು, ಒಬ್ಬರೂ ಅವಳ ಕಾಲು ಹಿಡಿಯಲು ಮುಂದೆ ಬರಲಿಲ್ಲ. ಅಡುಗೆಮನೆಯಿಂದ ಪಾತ್ರೆಯ ಸದ್ದು ಬಂತು. ನನ್ನ ಗಂಡ ನೀರು ಕಾಯಿಸಲು ಇಟ್ಟಾಗಿತ್ತು.

ಕೋಣೆಯ ಬಾಗಿಲು ಹಾಕಿಕೊಂಡು ನಾವಿಬ್ಬರೇ ಮಾಡಿದೆವು. ಬಿಸಿನೀರಿನಲ್ಲಿ ಟವಲು ಅದ್ದಿ ಹಿಂಡಿ ಸೊಂಟಕ್ಕೆ, ತೊಡೆಗೆ, ಮೊಣಕಾಲಿಗೆ ಸುತ್ತುವುದು, ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುವುದು, ಸ್ವಲ್ಪ ಮಡಚುವುದು, ಮತ್ತೆ ಟವಲು. ಅವರು ಅವ್ವನ ಕಾಲನ್ನು ಮುಟ್ಟಿದ್ದು ಆ ದಿನವೇ ಮೊದಲು. ನೆಲದ ಮೇಲೆ ಕೂತು ಅವಳ ಹಿಮ್ಮಡಿಯನ್ನು ತಮ್ಮ ಅಂಗೈಯಲ್ಲಿ ಇಟ್ಟುಕೊಂಡು, "ಇಷ್ಟ ಸ್ವಲ್ಪ ಅವ್ವಾರ, ಇನ್ನೊಂದಿಷ್ಟ ಸ್ವಲ್ಪ," ಎನ್ನುತ್ತಿದ್ದರು. ಬಾಯಿಯಿಂದ ಮಾತು, ಕಣ್ಣಿನಿಂದ ನೀರು, ಎರಡೂ ನಿಲ್ಲಲಿಲ್ಲ. "ನಂದ ತಪ್ಪ ಆತು, ನನಗ ಗೊತ್ತಿರಲಿಲ್ರಿ," ಎಂದು ಅವ್ವನಿಗೇ ಹೇಳಿದರು, ನನಗಲ್ಲ. ಹೊರಗೆ ಹಾಲಿನಲ್ಲಿ ಯಾರೋ ಚಹಾ ಕೇಳಿದರು. ಮೊಣಕಾಲು ಕೊನೆಗೆ ಮಡಚಿತು. ಎರಡೂ ಕಾಲನ್ನು ಪದ್ಮಾಸನದ ಹಾಗೆ ತಂದು, ಗೋಡೆಗೆ ಆನಿಸಿ, ಬಗಲ ಕೆಳಗಿಂದ ಸೀರೆ ಹಾಯಿಸಿ ಕಿಟಕಿಯ ಸರಳಿಗೆ ಕಟ್ಟಿದೆವು. ಹಣೆಗೆ ನಾನು ವಿಭೂತಿ ಹಚ್ಚಿದೆ. ಅವರು ತಂದ ವಿಭೂತಿಯೇ. ನೀರು ಚಿಮುಕಿಸಲಿಲ್ಲ.

ಬಾಗಿಲು ತೆಗೆದೆ. ಅಣ್ಣ ಒಳಗೆ ಬಂದವನೇ ಅವ್ವನ ಮುಂದೆ ಉದ್ದಕ್ಕೆ ಬಿದ್ದು ಹೋ ಎಂದು ಅತ್ತ. ಹಿರಿಯರು ಕೈ ಮುಗಿದು, "ಎಷ್ಟ ಚೆಂದ ಕುಂತಾಳ, ಪುಣ್ಯವಂತಿ," ಎಂದರು. ಅವಳನ್ನು ಕೂರಿಸಿದವರು ಆಗ ಬಚ್ಚಲಲ್ಲಿ ಎಣ್ಣೆ ಕೈ ತೊಳೆಯುತ್ತಿದ್ದರು.

ಆಮೇಲೆ ಅಯ್ಯನವರು ನನ್ನನ್ನು ಬಾಲ್ಕನಿಗೆ ಕರೆದರು. ಅವರು ಸಿಡುಕಿನ ಮನುಷ್ಯರಲ್ಲ. ದನಿ ಬಹಳ ಮೆತ್ತಗೆ.

"ತಾಯಿ, ನನಗ ಯಾರ ಮ್ಯಾಲೂ ಏನೂ ಇಲ್ಲ. ಆದ್ರ ಆತ ಮಣ್ಣಿನ ಜಾಗಕ್ಕ ಬರಬಾರ್ದು. ಬಂದ್ರ ನಾ ಪಾದ ಇಡಾಕ ಆಗೂದಿಲ್ಲ. ನಾಳೆ ನಾಲ್ಕ ಮಂದಿ ನನ್ನ ಕೇಳತಾರ."

ಆ ನಾಲ್ಕು ಮಂದಿ ಯಾರು ಎಂದು ನಾನು ಇವತ್ತಿಗೂ ಹುಡುಕುತ್ತಿದ್ದೇನೆ. ಅಣ್ಣನನ್ನು ಕೇಳಿದರೂ ಅದೇ ನಾಲ್ಕು ಮಂದಿ, ಹಿರಿಯರನ್ನು ಕೇಳಿದರೂ ಅದೇ ನಾಲ್ಕು ಮಂದಿ. ಒಬ್ಬೊಬ್ಬರನ್ನೇ ಹಿಡಿದು ಕೇಳಿದರೆ ಯಾರಿಗೂ ಯಾರ ಮೇಲೂ ದ್ವೇಷ ಇರುವುದಿಲ್ಲ. ಎಲ್ಲರೂ ಸೇರಿದರೆ ಮಾತ್ರ ಒಬ್ಬ ಮನುಷ್ಯ ತನ್ನ ಮನೆಯಲ್ಲೇ ಹೊರಗಿನವನಾಗಿರುತ್ತಾನೆ. ಇಂಥ ಅಚ್ಚುಕಟ್ಟಾದ ವ್ಯವಸ್ಥೆಯನ್ನು ನಮ್ಮ ಕಾರ್ಖಾನೆಯಲ್ಲೂ ನಾನು ಕಂಡಿರಲಿಲ್ಲ.

ಎಲ್ಲರೂ ಹೊರಡಿ ಎಂದು ಕೂಗುವುದಕ್ಕೆ ಬಾಯಿ ತೆರೆದೆ. ಕೂಗಿದ್ದರೆ ಅಯ್ಯನವರು ಹೋಗುತ್ತಿದ್ದರು, ಪಾದವೂ ಹೋಗುತ್ತಿತ್ತು, ಸಂಘದವರ ಮಣ್ಣಿನ ಜಾಗವೂ ಹೋಗುತ್ತಿತ್ತು, ಅವ್ವನಿಗೆ ಉಳಿಯುತ್ತಿದ್ದದ್ದು ಬೆಂಕಿ ಒಂದೇ. ಅಷ್ಟರಲ್ಲಿ ಹಿಂದಿನಿಂದ ನನ್ನ ಗಂಡನ ದನಿ ಬಂತು.

"ನಾ ಬರಂಗಿಲ್ರಿ ಅಯ್ನೋರ. ನೀವು ಅವ್ವಾರ ಕೆಲಸ ಮಾಡ್ರಿ."

"ನೀವ್ಯಾಕ ಹಿಂಗ ಅಂತೀರಿ? ಸಾಯೂ ತನಕ ನೋಡಿಕೊಂಡವರು ನೀವು!" ಎಂದೆ. ಎಲ್ಲರಿಗೂ ಕೇಳಲೆಂದೇ ಕಿರುಚಿದೆ.

"ಅವ್ವಾರಿಗೆ ಮಾತು ಕೊಟ್ಟೀನಿ," ಎಂದರು. ಟವಲು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದರು.

ಅವ್ವನನ್ನು ಕೆಳಗೆ ತಂದಾಗ ಸ್ಕೂಟರುಗಳ ಹತ್ತಿರ ನನ್ನ ಗಂಡನ ತಮ್ಮ ನಿಂತಿದ್ದ. ಸುದ್ದಿ ಕೇಳಿ ಬಂದವನು ಮೇಲೆ ಹತ್ತಿರಲಿಲ್ಲ. ನನ್ನ ಗಂಡನ ತೋಳು ಹಿಡಿದು ತಗ್ಗಿದ ದನಿಯಲ್ಲಿ ಹೇಳುತ್ತಿದ್ದ: "ಮಯ್ಯತ್ ಮುಟ್ಟೀದಿ, ಮನಿಗೆ ಹೋಗಿ ಸ್ನಾನ ಮಾಡು ಭಾಯಿ. ಅವರ ಪೂಜಾದಾಗ ಮಾತ್ರ ಹೋಗಿ ನಿಂದರಬ್ಯಾಡ. ನಮಗ ಅದು ಹರಾಮ್. ಮೊಹಲ್ಲಾದಾಗ ನಾಲ್ಕ ಮಂದಿ ಏನಂತಾರ?" ಅಲ್ಲಿಯೂ ಅದೇ ನಾಲ್ಕು ಮಂದಿ ಇದ್ದರು. ಹೆಣದ ಹಿಂದೆ ನಡೆಯುತ್ತ ನಾನು ನಕ್ಕೆ. ವೈನಿ ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು, ಮೆಲ್ಲಗೆ ದೂರ ಸರಿದಳು.

ಮಣ್ಣಿನ ಜಾಗ ಊರಾಚೆ, ಕಾಂಪೌಂಡಿನೊಳಗೆ. ಕುಣಿಯಲ್ಲಿ ಗೂಡು ಕೊರೆದು ಇಟ್ಟಿದ್ದರು. ಅವ್ವನನ್ನು ಅದರೊಳಗೆ ಇಟ್ಟು, ಎಡಗೈಯಲ್ಲಿ ಲಿಂಗ ಇಟ್ಟು, ಪತ್ರಿ, ವಿಭೂತಿ ತುಂಬಿದರು. ಜಾತಿ ಕುಲ ಕೇಳಬಾರದು ಎಂಬ ಅರ್ಥದ ಪದವೊಂದನ್ನು ಹಿರಿಯರು ರಾಗವಾಗಿ ಹಾಡಿದರು. ಉಳಿದವರು ಕಣ್ಣು ಮುಚ್ಚಿ ತಲೆದೂಗಿದರು. ಅಯ್ಯನವರು ಪಾದ ತೊಳೆಸಿಕೊಂಡು ಕುಣಿಗಿಳಿದು ಅವ್ವನ ತಲೆಯ ಮೇಲೆ ಇಟ್ಟರು. ಒರೆಸಿದ ನೆಲದ ಮೇಲೆ ಕಾಲಿಟ್ಟ ಹಾಗೆ, ಸೋಕಿತೋ ಇಲ್ಲವೋ ಎನ್ನುವಷ್ಟು. ಅದಕ್ಕಾಗಿ ನಾವು ಕೊಟ್ಟದ್ದನ್ನು ನೆನೆದು, ಇನ್ನೊಂದಿಷ್ಟು ಒತ್ತಿ ಇಡಿ ಎಂದು ಹೇಳಬೇಕೆನಿಸಿತು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಮೆಟ್ರೋದಲ್ಲಿ ಬಂದ ಯಾರೋ ದೂರದ ಸಂಬಂಧಿಕರೂ ಹಾಕಿದರು, ಅವ್ವನ ಹೆಸರೂ ಸರಿಯಾಗಿ ಗೊತ್ತಿರದ ಅಣ್ಣನ ಅಂಗಡಿಯ ಆಳೂ ಹಾಕಿದ.

ಅಣ್ಣನ ಅಳು ನಾಟಕವಲ್ಲ, ಅದನ್ನು ಹೇಳಬೇಕು. ಅವನು ಕುಸಿದು ಕುಸಿದು ಅತ್ತ. ನಾಟಕವಾಗಿದ್ದರೆ ನಾನು ಅವನನ್ನು ಎಂದೋ ಕ್ಷಮಿಸಿಬಿಡುತ್ತಿದ್ದೆ. ಅವ್ವನ ಮೇಲೆ ಅಷ್ಟು ಪ್ರೀತಿ ಇಟ್ಟುಕೊಂಡೂ ಅವಳನ್ನು ಬೆಂಕಿಗೆ ಕೊಡಲು ತಯಾರಾಗಿದ್ದನಲ್ಲ, ಅದು ಮಾತ್ರ ನನಗೆ ಅರಗುವುದಿಲ್ಲ. ಅವ್ವನ ಮೇಲೂ ಸಿಟ್ಟು ಬಂತು. ಹಸಿ ಮಣ್ಣಿನ ಮುಂದೆ ನಿಂತು ಬಯ್ದೆ, ಮನಸ್ಸಿನಲ್ಲಿ. ಇಷ್ಟು ವರ್ಷ ನಿನ್ನನ್ನು ಸಾಕಿದ ಕೈಯನ್ನು ನೀನು ಕೇಳಲಿಲ್ಲ, ಎಂದೂ ಕಾಣದ ಪಾದವನ್ನು ಕೇಳಿದೆ. ಅದನ್ನೇ ಕೊಟ್ಟಿದ್ದೇವೆ, ಇಟ್ಟುಕೋ.

ಮನೆಗೆ ಬಂದಾಗ ಅವರು ಅವ್ವನ ಕೋಣೆಯನ್ನು ಗುಡಿಸಿ ಒರೆಸಿದ್ದರು. ಅನ್ನ, ಸಾರು ಮಾಡಿಟ್ಟಿದ್ದರು. "ಪಾದ ಇಟ್ರೇನು?" ಎಂದು ಕೇಳಿದರು. ಇಟ್ಟರು ಎಂದೆ. "ಹಂಗಾರ ಆತು," ಎಂದು ತಟ್ಟೆ ಹಾಕಿದರು. ನಾನು ಎರಡು ತುತ್ತು ತಿಂದು ಎದ್ದೆ.

ಮಳೆಗಾಲ ಶುರುವಾದ ಮೇಲೆ ಒಂದು ದಿನ ಅವರೇ ಕೇಳಿದರು, ಅವ್ವಾರನ್ನು ನೋಡಿ ಬರೋಣವೇ ಎಂದು. ವಾರದ ನಡುವೆ, ಜನ ಇಲ್ಲದ ಹೊತ್ತು ನೋಡಿ ಹೋದೆವು. ಗೇಟಿಗೆ ಬೀಗ ಇರಲಿಲ್ಲ, ಸುಮ್ಮನೆ ಮುಂದೆ ಮಾ‌ಡಿತ್ತು. ಅವ್ವನ ಮಣ್ಣಿನ ಮೇಲೆ ಹುಲ್ಲು ಹುಟ್ಟಿತ್ತು. ಅವರು ಚಪ್ಪಲಿ ದೂರ ಬಿಟ್ಟು ಬಂದು ನಿಂತರು. ತಲೆಗೆ ಕರ್ಚೀಫು ಕಟ್ಟಿಕೊಂಡರು. ಎರಡೂ ಅಂಗೈಗಳನ್ನು ಎದೆಯ ಮುಂದೆ ಬಿಡಿಸಿ ಹಿಡಿದು ತುಟಿ ಆಡಿಸತೊಡಗಿದರು. ಕಾಂಪೌಂಡಿನಾಚೆ ಬೈಕೊಂದು ನಿಂತ ಸದ್ದಾಯಿತು. ಅವರು ತಟ್ಟನೆ ಕೈ ಇಳಿಸಿ ಪ್ಯಾಂಟಿನ ಜೇಬಿನೊಳಗೆ ಸೇರಿಸಿದರು. ಕರ್ಚೀಫು ಎಳೆದು ಅದನ್ನೂ ಜೇಬಿಗೆ ಹಾಕಿದರು.

"ಓದ್ರಿ. ಯಾರದಾರ ಇಲ್ಲೆ?" ಎಂದೆ.

"ಯಾರಾರ ನೋಡಿದ್ರ? ನಾ ಇಲ್ಲಿ ದುವಾ ಕೇಳಿದ್ನಿ ಅಂತ ಗೊತ್ತಾದ್ರ ಜಾಗ ಮೈಲಿಗಿ ಆತು ಅಂತಾರ. ಅವ್ವಾರನ್ನ ಹೊರಗ ತಗದ್ರ ಏನ ಮಾಡೂದು?"

"ಹೂತವರನ್ನ ಯಾರರ ತಗೀತಾರೇನ್ರಿ? ಏನ ಹುಚ್ಚ ಮಾತು!"

"ಸುಡಾಕ ತಯಾರಾಗಿದ್ರಲ್ಲ, ಆ ದಿನ," ಎಂದರು. ಮಗುವಿನ ಹಾಗೆ ಹೆದರಿದ್ದರು. "ನನ್ನಿಂದ ಒಮ್ಮೆ ಅವರಿಗೆ ತ್ರಾಸ ಆಗೈತಿ. ಮತ್ತ ಬ್ಯಾಡ. ಬಾ, ಹೋಗೂಣು."

ಇಲ್ಲ, ನಮ್ಮವರು ಅಂಥವರಲ್ಲ ಎಂದು ಹೇಳಬೇಕಿತ್ತು. ಬಾಯಿ ಬರಲಿಲ್ಲ.

"ನೀವು ಓದ್ರಿ. ನಾ ನೋಡ್ತಿರತೀನಿ," ಎಂದೆ. ಅವರಿಗೆ ಬೆನ್ನು ಮಾಡಿ, ಗೇಟಿನ ಕಡೆ ಮುಖ ಮಾಡಿ ನಿಂತೆ. ಹಿಂದೆ ಅವರು ಮತ್ತೆ ಓದತೊಡಗಿದ್ದು ಕೇಳಿಸಿತು. ನಮ್ಮವರು ಯಾರಾದರೂ ಬರುತ್ತಾರೇನೋ ಎಂದು ಅದು ಮುಗಿಯುವವರೆಗೆ ಕಾವಲು ಕಾದೆ.